ಹಳೆಯ ಮಿಡಿ ಕೀಬೋರ್ಡಿಗೆ ಡ್ರೈವರ್ ಹಾಕುವ ಮುನ್ನ, ಹಾಕುವಾಗ, ಹಾಕಿದ ಮೇಲೆ

ಶರಣಬಸವೇಶ್ವರರ ಜಾತ್ರೆ ಮುಗಿದು ಕಲಬುರಗಿಯ ಬಿಸಿಲು ನೆತ್ತಿ ಸುಡತೊಡಗಿದಾಗ ನಮ್ಮ ಸಣ್ಣ ರೆಕಾರ್ಡಿಂಗ್ ಕೋಣೆಗೆ ಭಜನಾ ತಂಡಗಳು ಬರುವುದು ಹೆಚ್ಚಾಗುತ್ತದೆ. ಆಳಂದ, ಸೇಡಂ, ಶಹಾಪುರ, ಬಸವಕಲ್ಯಾಣದ ಕಡೆಯಿಂದ ಬರುವ ಈ ತಂಡಗಳವರು ವಚನ ಮತ್ತು ತತ್ವಪದಗಳನ್ನು ರೆಕಾರ್ಡ್ ಮಾಡಿಸುವಾಗ ತಬಲಾ, ಹಾರ್ಮೋನಿಯಂಗಳ ಜೊತೆಗೆ ಒಂದು ಹಳೆಯ ಕೀಬೋರ್ಡನ್ನೂ ಹೊತ್ತು ತರುತ್ತಾರೆ. ಅದು ಹೈದರಾಬಾದಿನಲ್ಲೋ ಸೊಲ್ಲಾಪುರದಲ್ಲೋ ಸೆಕೆಂಡ್ ಹ್ಯಾಂಡ್ ಕೊಂಡದ್ದಾಗಿರುತ್ತದೆ, ಇಲ್ಲವೇ ನಿಂತುಹೋದ ಯಾವುದೋ ಆರ್ಕೆಸ್ಟ್ರಾದಿಂದ ಬಂದದ್ದಾಗಿರುತ್ತದೆ. ಮನೆಯ ಲ್ಯಾಪ್‌ಟಾಪಿಗೆ ಅದನ್ನು ಜೋಡಿಸಲು ನಾಲ್ಕು ದಿನ ಹೆಣಗಾಡಿ ಬಂದವರು ಹೇಳುವ ಮಾತು ಒಂದೇ: "ಏನ್ ಮಾಡಿದ್ರೂ ಡ್ರೈವರ್ ಸಿಗವಲ್ದರಿ."

ಡ್ರೈವರ್ ಎಂದರೆ ಉಪಕರಣವನ್ನು ಗಣಕಕ್ಕೆ ಪರಿಚಯಿಸುವ ಚಿಕ್ಕ ತಂತ್ರಾಂಶ. ಹಾಗೆ ಬಂದ ಕೀಬೋರ್ಡುಗಳಲ್ಲಿ ಬಹಳಷ್ಟಕ್ಕೆ ಅದೇ ಬೇಕಿರಲಿಲ್ಲ. ಕೆಲವಕ್ಕೆ ಬೇಕಿದ್ದದ್ದು ಬೇರೆ ಕೇಬಲ್, ಕೆಲವಕ್ಕೆ ಕೀಬೋರ್ಡಿನ ಒಳಗಿನ ಒಂದು ಸೆಟ್ಟಿಂಗ್, ಇನ್ನು ಕೆಲವಕ್ಕೆ ಹಿಂಬದಿಯಲ್ಲಿ ಧೂಳು ಹಿಡಿದು ಕುಳಿತಿದ್ದ ಐದು ಪಿನ್ನಿನ ದುಂಡು ಸಾಕೆಟ್ಟು. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಡ್ರೈವರ್ ಹುಡುಕುವ ಕೆಲಸವನ್ನು ಮೊದಲಿಗಿಡದೆ ನಡುವಿನಲ್ಲಿಟ್ಟಿದ್ದೇನೆ. ಓದುಗರು ಅವಸರ ಮಾಡದೆ ಇದೇ ಕ್ರಮದಲ್ಲಿ ಹೋಗಬೇಕೆಂದು ಕೋರುತ್ತೇನೆ.

ಡ್ರೈವರ್ ಯಾರಿಗೆ ಬೇಕು, ಯಾರಿಗೆ ಬೇಡ

ಮಿಡಿ ಎಂದರೆ ವಾದ್ಯಗಳೂ ಗಣಕಗಳೂ ಪರಸ್ಪರ ಮಾತಾಡುವ ಭಾಷೆ. ಅದರ ತಂತಿಯಲ್ಲಿ ಧ್ವನಿ ಹರಿಯುವುದಿಲ್ಲ. ಕೀಬೋರ್ಡಿನ ಯಾವ ಮನೆಯನ್ನು ಒತ್ತಿದಿರಿ, ಎಷ್ಟು ಜೋರಾಗಿ ಒತ್ತಿದಿರಿ, ಯಾವಾಗ ಬಿಟ್ಟಿರಿ ಎಂಬ ಸುದ್ದಿ ಮಾತ್ರ ಅಂಕಿಗಳಾಗಿ ಹರಿಯುತ್ತದೆ. 1983ರಲ್ಲಿ ಬೇರೆ ಬೇರೆ ಕಂಪನಿಗಳ ವಾದ್ಯಗಳು ಪರಸ್ಪರ ಮಾತಾಡಲೆಂದು ಈ ಪದ್ಧತಿ ಜಾರಿಗೆ ಬಂದಾಗ ನಿಗದಿಯಾದ ವೇಗ ಸೆಕೆಂಡಿಗೆ 31,250 ಬಿಟ್. ಒಂದು ಸ್ವರ ಒತ್ತಿದ ಸುದ್ದಿಗೆ 3 ಬೈಟ್ ಬೇಕು, ಅದು ತಂತಿ ದಾಟಲು ಸುಮಾರು 1 ಮಿಲಿಸೆಕೆಂಡ್ ಸಾಕು. ಸ್ವರಗಳಿಗೆ 0ಯಿಂದ 127ರವರೆಗೆ ಅಂಕಿ, ಚಾನೆಲ್ಲುಗಳು 16. ಈ ಭಾಷೆ ಇಂದಿಗೂ ಬದಲಾಗದ ಕಾರಣ 1985ರ ಕೀಬೋರ್ಡು ಇಂದಿನ ಸಾಫ್ಟ್‌ವೇರಿನೊಂದಿಗೆ ತಕರಾರಿಲ್ಲದೆ ಮಾತಾಡಬಲ್ಲದು. ತಕರಾರು ಹುಟ್ಟುವುದು ಅದೇ ಸುದ್ದಿಯನ್ನು ಯುಎಸ್‌ಬಿ ಮೂಲಕ ಕಳಿಸುವಾಗ.

ಯುಎಸ್‌ಬಿಯಲ್ಲಿ ಮಿಡಿ ಹೇಗೆ ಸಾಗಬೇಕು ಎಂಬ ಸಾಮಾನ್ಯ ನಿಯಮ ಪ್ರಕಟವಾದದ್ದು 1999ರ ಕೊನೆಯಲ್ಲಿ. ಆ ನಿಯಮದಂತೆ ನಡೆಯುವ ಉಪಕರಣಗಳನ್ನು ಕ್ಲಾಸ್ ಕಂಪ್ಲಯಂಟ್ ಎನ್ನುತ್ತಾರೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರ ಒಳಗೂ ಅವಕ್ಕೆ ಬೇಕಾದ ಡ್ರೈವರ್ ಮೊದಲೇ ಇರುತ್ತದೆ. ಆದರೆ ಆ ಕಾಲದ ಹಲವು ತಯಾರಕರು ತಮ್ಮದೇ ಭಾಷೆಯಲ್ಲಿ ಯುಎಸ್‌ಬಿ ಉಪಕರಣಗಳನ್ನು ಮಾಡಿ ಜೊತೆಗೆ ಒಂದು ಸಿಡಿ ಕೊಟ್ಟರು. ಆ ಸಿಡಿ ಕಳೆದುಹೋಗಿರುತ್ತದೆ, ಇದ್ದರೂ ಅದರಲ್ಲಿರುವುದು ವಿಂಡೋಸ್ ಎಕ್ಸ್‌ಪಿಯ 32 ಬಿಟ್ ಡ್ರೈವರ್. 64 ಬಿಟ್ ವಿಂಡೋಸ್ 32 ಬಿಟ್ ಡ್ರೈವರನ್ನು ಎಂದೂ ಸ್ವೀಕರಿಸುವುದಿಲ್ಲ, ವಿಂಡೋಸ್ 11 ಬರುವುದೇ 64 ಬಿಟ್ಟಿನಲ್ಲಿ. ಆದ್ದರಿಂದ ಹಳೆಯ ಸಿಡಿ ಸಿಕ್ಕಿತೆಂದು ಸಂತೋಷಪಡುವ ಮೊದಲು ನಿಮ್ಮ ಗಣಕದ ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ಎಂಬಲ್ಲಿ ಹೋಗಿ ಅದು ಎಷ್ಟು ಬಿಟ್ಟಿನದೆಂದು ನೋಡಿಕೊಳ್ಳಿ.

ಮೊದಲ ಹೆಜ್ಜೆ: ಕೀಬೋರ್ಡನ್ನು ತಿರುಗಿಸಿ ನೋಡುವುದು

ಹಿಂಬದಿಯಲ್ಲಿ ಏನೇನು ಸಾಕೆಟ್ಟುಗಳಿವೆ ಎಂಬುದನ್ನು ನೋಡಿದರೆ ಅರ್ಧ ದಾರಿ ತಿಳಿಯುತ್ತದೆ. ಪ್ರಿಂಟರಿಗೆ ಹಾಕುವಂಥ ಚೌಕ ಯುಎಸ್‌ಬಿ ಇದ್ದು, ಅದರ ಪಕ್ಕದಲ್ಲಿ ಮಿಡಿ ಔಟ್ ಎಂಬ ಐದು ಪಿನ್ನಿನ ದುಂಡು ಸಾಕೆಟ್ಟೂ ಇದ್ದರೆ ನೀವು ಪುಣ್ಯವಂತರು, ಏಕೆಂದರೆ ಯುಎಸ್‌ಬಿ ಕೈಕೊಟ್ಟರೂ ಎರಡನೆಯ ದಾರಿ ತೆರೆದಿದೆ. ದುಂಡು ಸಾಕೆಟ್ಟು ಮಾತ್ರ ಇದ್ದರೆ ಆ ಕೀಬೋರ್ಡಿಗೆ ಡ್ರೈವರ್ ಎಂಬ ಮಾತೇ ಅನ್ವಯಿಸುವುದಿಲ್ಲ. ಡ್ರೈವರ್ ಬೇಕಾದರೆ ಅದು ಕೀಬೋರ್ಡಿಗೂ ಗಣಕಕ್ಕೂ ನಡುವೆ ಜೋಡಿಸಲು ಹಾಕುವ ಇಂಟರ್‌ಫೇಸಿಗೆ ಮಾತ್ರ.

ತೊಂಬತ್ತರ ದಶಕದ ಕೆಲವು ವಾದ್ಯಗಳಲ್ಲಿ ಟು ಹೋಸ್ಟ್ ಎಂಬ ಎಂಟು ಪಿನ್ನಿನ ಚಿಕ್ಕ ಸಾಕೆಟ್ಟು ಇರುತ್ತದೆ. ಅದು ಅಂದಿನ ಗಣಕಗಳ ಸೀರಿಯಲ್ ಪೋರ್ಟಿಗೆಂದು ಇಟ್ಟದ್ದು, ಅದನ್ನು ಮರೆತುಬಿಡುವುದು ಲೇಸು. ಹಾಗೆಯೇ ಹಳೆಯ ಸೌಂಡ್ ಕಾರ್ಡುಗಳ 15 ಪಿನ್ನಿನ ಜಾಯ್‌ಸ್ಟಿಕ್ ಪೋರ್ಟಿಗೆ ಹಾಕುತ್ತಿದ್ದ ಮಿಡಿ ಕೇಬಲ್ ಈಗಲೂ ಕೆಲವರ ಪೆಟ್ಟಿಗೆಯಲ್ಲಿರುತ್ತದೆ. ವಿಂಡೋಸ್ ವಿಸ್ಟಾದಿಂದಲೇ ಆ ಪೋರ್ಟಿನ ಬೆಂಬಲ ಹೋಗಿರುವುದರಿಂದ ಅದಕ್ಕೂ ಸಮಯ ಕಳೆಯಬೇಡಿ.

ಕೇಬಲ್ಲಿನ ವಿಚಾರಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡಲೇಬೇಕು. ನಾನೇ ಒಮ್ಮೆ ಎರಡು ರಾತ್ರಿ ಕುಳಿತು ಒಂದು ಕೀಬೋರ್ಡಿಗೆ ನಾಲ್ಕು ಬಗೆಯ ಡ್ರೈವರ್ ಹಾಕಿ, ತೆಗೆದು, ಮತ್ತೆ ಹಾಕಿ ಸೋತ ಮೇಲೆ ಮೂರನೆಯ ದಿನ ಪಕ್ಕದ ಜೆರಾಕ್ಸ್ ಅಂಗಡಿಯ ಪ್ರಿಂಟರ್ ಕೇಬಲ್ ತಂದು ಚುಚ್ಚಿದಾಗ ಅದು ಕ್ಷಣದಲ್ಲಿ ಗುರುತು ಹಿಡಿಯಿತು. ನಮ್ಮ ಕಡೆಯ ಧೂಳು ಮತ್ತು ಬೇಸಿಗೆಯ ಕಾವು ಹಳೆಯ ಕೇಬಲ್ಲಿನ ಪ್ಲಾಸ್ಟಿಕ್ಕನ್ನು ಬಿರಿಯುವಂತೆ ಮಾಡುತ್ತವೆ. ಒಳಗಿನ ವಿದ್ಯುತ್ ತಂತಿ ಸರಿಯಿದ್ದು ಕೀಬೋರ್ಡಿನ ದೀಪ ಉರಿಯುತ್ತಿದ್ದರೂ ಸುದ್ದಿ ಒಯ್ಯುವ ಎರಡು ತಂತಿಗಳಲ್ಲಿ ಒಂದು ತುಂಡಾಗಿರಬಹುದು. ಮಿನಿ ಯುಎಸ್‌ಬಿ ಇರುವ ಚಿಕ್ಕ ಕಂಟ್ರೋಲರುಗಳಿಗಂತೂ (ಸ್ವಂತ ಧ್ವನಿ ಇಲ್ಲದ ಕೀಬೋರ್ಡುಗಳಿಗೆ) ಚಾರ್ಜಿಂಗಿಗೆ ಮಾತ್ರ ಬರುವ ಕೇಬಲ್ ಹಾಕಿ ಮೋಸಹೋಗುವವರು ಬಹಳ. ಆದ್ದರಿಂದ ದೀಪ ಉರಿಯುವುದನ್ನು ಕೇಬಲ್ ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿಯಾಗಿ ಹಿಡಿಯಬೇಡಿ. ಪ್ರಿಂಟರಿಗೆ ಹಾಕಿ ಒಂದು ಹಾಳೆ ಮುದ್ರಿಸಿ ನೋಡಿದ ಕೇಬಲ್ಲನ್ನೇ ಬಳಸಿ, ಉದ್ದ ಎರಡು ಮೀಟರಿನೊಳಗಿರಲಿ.

ಗಣಕದ ಬದಿಯಲ್ಲಿ ಹಬ್ ಇಲ್ಲದೆ ನೇರವಾಗಿ ಜೋಡಿಸಿ. ಡೆಸ್ಕ್‌ಟಾಪ್ ಆದರೆ ಮುಂಭಾಗದ ಪೋರ್ಟಿಗಿಂತ ಹಿಂಬದಿಯ ಪೋರ್ಟ್ ನಂಬಲರ್ಹ. ಇದಕ್ಕೊಂದು ಅಪವಾದವಿದೆ: ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟಿನಲ್ಲಿ ಕೆಲವು ಹಳೆಯ ಕಂಟ್ರೋಲರುಗಳು ಆಗಾಗ ಕಳಚಿಕೊಳ್ಳುತ್ತವೆ, ಅಂಥ ಸಂದರ್ಭದಲ್ಲಿ ನಡುವೆ ಒಂದು ಯುಎಸ್‌ಬಿ 2 ಹಬ್ ಹಾಕಿದರೆ ಸರಿಹೋಗುವುದುಂಟು.

ಎರಡನೆಯ ಹೆಜ್ಜೆ: ಗಣಕಕ್ಕೆ ಏನು ಕಾಣುತ್ತಿದೆ

ಕೀಬೋರ್ಡನ್ನು ಜೋಡಿಸಿ, ಸ್ಟಾರ್ಟ್ ಬಟನ್ನಿನ ಮೇಲೆ ಬಲ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಪಟ್ಟಿಯ ಸೌಂಡ್, ವಿಡಿಯೋ ಎಂಡ್ ಗೇಮ್ ಕಂಟ್ರೋಲರ್ಸ್ ಎಂಬ ಸಾಲಿನ ಕೆಳಗೆ ನಿಮ್ಮ ಕೀಬೋರ್ಡಿನ ಹೆಸರೋ ಯುಎಸ್‌ಬಿ ಆಡಿಯೋ ಡಿವೈಸ್ ಎಂಬ ಹೆಸರೋ ಹಳದಿ ಗುರುತಿಲ್ಲದೆ ಬಂದಿದ್ದರೆ ವಿಂಡೋಸ್ ತನ್ನದೇ ಡ್ರೈವರನ್ನು ಹಾಕಿಕೊಂಡಿದೆ ಎಂದರ್ಥ. ಆಗ ಯಾವ ಡ್ರೈವರನ್ನೂ ಹುಡುಕದೆ ನೇರವಾಗಿ ಮುಂದಿರುವ ಪರೀಕ್ಷೆಯ ಭಾಗಕ್ಕೆ ಹೋಗಿ. ಹಾಗಿಲ್ಲದೆ ಅದರ್ ಡಿವೈಸಸ್ ಎಂಬ ಸಾಲಿನಲ್ಲಿ ಹಳದಿ ತ್ರಿಕೋನದೊಂದಿಗೆ ಕುಳಿತಿದ್ದರೆ ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ, ತೆರೆದ ಪೆಟ್ಟಿಗೆಯಲ್ಲಿ ಕೋಡ್ ಸಂಖ್ಯೆಯನ್ನು ಓದಿ.

ಈ ಸಂಖ್ಯೆಯನ್ನು ಜನ ಓದುವುದೇ ಇಲ್ಲ, ಆದರೆ ರೋಗ ಹೇಳುವುದು ಅದೇ. ಕೋಡ್ 28 ಎಂದರೆ ಡ್ರೈವರ್ ಇಲ್ಲ, ಹುಡುಕಿ ಹಾಕಬೇಕು. ಕೋಡ್ 10 ಎಂದರೆ ಡ್ರೈವರ್ ಇದ್ದರೂ ಉಪಕರಣ ಅದರೊಂದಿಗೆ ಶುರುವಾಗುತ್ತಿಲ್ಲ, ಅನೇಕ ವೇಳೆ ತಪ್ಪು ಡ್ರೈವರ್ ಬಿದ್ದಿದೆ. ಕೋಡ್ 43 ಬಂದರೆ ಉಪಕರಣವೇ ಸರಿಯಾಗಿ ಉತ್ತರಿಸುತ್ತಿಲ್ಲ, ಕೇಬಲ್, ಪೋರ್ಟ್ ಅಥವಾ ಕೀಬೋರ್ಡಿನ ಒಳಗಿನ ಸಾಕೆಟ್ಟಿನ ಬೆಸುಗೆಯನ್ನು ಅನುಮಾನಿಸಿ. ಕೋಡ್ 52 ಬಂದರೆ ಡ್ರೈವರಿನ ಡಿಜಿಟಲ್ ಸಹಿಯನ್ನು, ಅಂದರೆ ಅದು ಯಾರದೆಂಬ ಗುರುತನ್ನು, ವಿಂಡೋಸ್ ಒಪ್ಪಿಲ್ಲ. ಪಟ್ಟಿಯಲ್ಲಿ ಏನೂ ಬಾರದಿದ್ದರೆ ಮತ್ತೆ ಕೇಬಲ್ಲಿಗೇ ಹಿಂದಿರುಗಿ.

ಹೆಸರು ಅಳಿಸಿಹೋದ, ಸ್ಟಿಕ್ಕರ್ ಕಿತ್ತ ಕೀಬೋರ್ಡಾದರೆ ಅದೇ ಪೆಟ್ಟಿಗೆಯ ಡೀಟೇಲ್ಸ್ ಭಾಗದಲ್ಲಿ ಹಾರ್ಡ್‌ವೇರ್ ಐಡಿ ಆರಿಸಿ. ವಿಐಡಿ ಎಂಬ ಅಕ್ಷರಗಳ ಮುಂದಿನ ನಾಲ್ಕಂಕಿಯು ತಯಾರಕರ ಗುರುತು. 0582 ರೋಲ್ಯಾಂಡ್ ಮತ್ತು ಅದರದೇ ಎಡಿರೋಲ್, 0499 ಯಮಾಹಾ, 0763 ಎಂ-ಆಡಿಯೋ, 0944 ಕಾರ್ಗ್, 1235 ನೊವೇಶನ್. ಅದರ ಮುಂದಿನ ಪಿಐಡಿ ಎಂಬ ಸಂಖ್ಯೆಯು ಮಾಡೆಲ್ಲಿನ ಗುರುತು. ಎರಡನ್ನೂ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಡ್ರೈವರ್ ಹುಡುಕಲು ಹೊರಡುವ ಮುನ್ನ ಇನ್ನೊಂದು ಪ್ರಯೋಗ ಬಾಕಿ ಇದೆ. ರೋಲ್ಯಾಂಡ್ ಮತ್ತು ಎಡಿರೋಲ್ ಹೆಸರಿನ ಹಲವು ವಾದ್ಯಗಳಲ್ಲಿ ಯುಎಸ್‌ಬಿ ಡ್ರೈವರ್ ಎಂಬ ಸೆಟ್ಟಿಂಗ್ ವಾದ್ಯದ ಮೆನುವಿನಲ್ಲೋ ಒಂದು ಚಿಕ್ಕ ಸ್ವಿಚ್ಚಿನ ರೂಪದಲ್ಲೋ ಇರುತ್ತದೆ. ಅದು ವೆಂಡರ್ ಅಥವಾ ಅಡ್ವಾನ್ಸ್ಡ್ ಎಂದಿದ್ದರೆ ಕಂಪನಿಯ ಡ್ರೈವರ್ ಬೇಕು, ಜೆನೆರಿಕ್ ಎಂದು ಬದಲಿಸಿದರೆ ವಿಂಡೋಸಿನ ಡ್ರೈವರೇ ಸಾಕು. ಬದಲಿಸಿದ ಮೇಲೆ ವಾದ್ಯವನ್ನು ಆಫ್ ಮಾಡಿ ಮತ್ತೆ ಆನ್ ಮಾಡದಿದ್ದರೆ ಅದು ಜಾರಿಗೆ ಬರುವುದಿಲ್ಲ.

ಅಂಥ ಸೆಟ್ಟಿಂಗ್ ಇಲ್ಲದ ಕೀಬೋರ್ಡಿಗೂ ವಿಂಡೋಸಿನ ಡ್ರೈವರನ್ನು ಒತ್ತಾಯದಿಂದ ಹಾಕಿ ನೋಡಬಹುದು. ಡಿವೈಸ್ ಮ್ಯಾನೇಜರಿನಲ್ಲಿ ಅದರ ಮೇಲೆ ಬಲ ಕ್ಲಿಕ್ ಮಾಡಿ ಅಪ್‌ಡೇಟ್ ಡ್ರೈವರ್ ಒತ್ತಿ, ಬ್ರೌಸ್ ಮೈ ಕಂಪ್ಯೂಟರ್ ಎಂಬುದನ್ನೂ ಅನಂತರ ಲೆಟ್ ಮಿ ಪಿಕ್ ಎಂದು ಆರಂಭವಾಗುವ ಸಾಲನ್ನೂ ಆರಿಸಿ, ಸಿಕ್ಕ ಪಟ್ಟಿಯಲ್ಲಿ ಯುಎಸ್‌ಬಿ ಆಡಿಯೋ ಡಿವೈಸ್ ಇದ್ದರೆ ಅದನ್ನು ಹಾಕಿ. ಕೀಬೋರ್ಡು ಕ್ಲಾಸ್ ಕಂಪ್ಲಯಂಟ್ ಆಗಿದ್ದು ಹಿಂದೆ ಯಾರೋ ಹಾಕಿದ ತಪ್ಪು ಡ್ರೈವರ್ ಅದನ್ನು ಕಟ್ಟಿಹಾಕಿದ್ದರೆ ಇಷ್ಟರಿಂದಲೇ ಬಿಡುಗಡೆಯಾಗುತ್ತದೆ. ಆ ಹೆಸರು ಪಟ್ಟಿಯಲ್ಲಿ ಬಾರದಿದ್ದರೆ, ಅಥವಾ ಹಾಕಿದ ಮೇಲೆ ಕೋಡ್ 10 ಕಂಡರೆ, ಅದಕ್ಕೆ ಕಂಪನಿಯ ಡ್ರೈವರೇ ಬೇಕೆಂದು ತಿಳಿಯಿರಿ.

ಮೂರನೆಯ ಹೆಜ್ಜೆ: ಕಂಪನಿಯ ಡ್ರೈವರ್ ತಂದು ಹಾಕುವುದು

ಡ್ರೈವರನ್ನು ತಯಾರಕರ ಸಪೋರ್ಟ್ ಪುಟದಿಂದ ಮಾತ್ರ ಇಳಿಸಿಕೊಳ್ಳಿ. ಹುಡುಕಿದ ಕೂಡಲೇ ಮೇಲೆ ತೇಲಿಬರುವ ಡ್ರೈವರ್ ಅಪ್‌ಡೇಟರ್ ತಾಣಗಳು ಕೊಡುವುದು ಡ್ರೈವರಿಗಿಂತ ಹೆಚ್ಚಾಗಿ ಜಾಹೀರಾತು ಮತ್ತು ವೈರಸ್. ಹಳೆಯ ಮಾಡೆಲ್ಲುಗಳನ್ನು ಡಿಸ್ಕಂಟಿನ್ಯೂಡ್ ಅಥವಾ ಲೆಗಸಿ ಎಂಬ ವಿಭಾಗದಲ್ಲಿ ಇಟ್ಟಿರುತ್ತಾರೆ. ಕಂಪನಿ ಆ ಪುಟವನ್ನೇ ತೆಗೆದುಹಾಕಿದ್ದರೆ ಇಂಟರ್ನೆಟ್ ಆರ್ಕೈವಿನ ವೇಬ್ಯಾಕ್ ಮಷೀನಿನಲ್ಲಿ ಆ ಪುಟದ ವಿಳಾಸ ಕೊಟ್ಟು ಹಿಂದಿನ ವರ್ಷಗಳ ಪ್ರತಿಯನ್ನು ನೋಡಿ, ಕೆಲವೊಮ್ಮೆ ಕಡತವೂ ಅಲ್ಲೇ ಉಳಿದಿರುತ್ತದೆ. ನಿಮ್ಮ ವಿಂಡೋಸಿನ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ವಿಂಡೋಸ್ 8.1 ಅಥವಾ 7ರ 64 ಬಿಟ್ ಡ್ರೈವರನ್ನು ಪ್ರಯತ್ನಿಸಬಹುದು, ಎಕ್ಸ್‌ಪಿಯದನ್ನು ಬಿಡಿ.

ಹಾಕುವ ಮುನ್ನ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ಸಿಸ್ಟಮ್ ರಿಸ್ಟೋರ್ ಪಾಯಿಂಟ್ ಒಂದನ್ನು ಮಾಡಿಟ್ಟುಕೊಳ್ಳಿ. ಲೋಡ್ ಶೆಡ್ಡಿಂಗ್ ಇರುವ ಹೊತ್ತಿನಲ್ಲಿ, ಬ್ಯಾಟರಿ ಸತ್ತ ಲ್ಯಾಪ್‌ಟಾಪಿನಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ. ಡ್ರೈವರ್ ಅರ್ಧ ಬರೆದಿರುವಾಗ ಕರೆಂಟ್ ಹೋದರೆ ಆಮೇಲೆ ಬಿಡಿಸುವುದು ಹಾಕುವುದಕ್ಕಿಂತ ಕಷ್ಟ. ಬಳಿಕ ಕೀಬೋರ್ಡನ್ನು ಕಳಚಿಡಿ. ಹಳೆಯ ಡ್ರೈವರುಗಳಲ್ಲಿ ಬಹಳಷ್ಟು, ಮೊದಲು ತಮ್ಮನ್ನು ಹಾಕಿ ಆಮೇಲೆ ಉಪಕರಣ ಜೋಡಿಸಬೇಕೆಂದು ಬಯಸುತ್ತವೆ. ಕ್ರಮ ತಪ್ಪಿದರೆ ವಿಂಡೋಸ್ ತನಗೆ ತೋಚಿದ್ದನ್ನು ಹಾಕಿಕೊಂಡು ಕುಳಿತುಬಿಡುತ್ತದೆ. ಇಳಿಸಿಕೊಂಡ ಜಿಪ್ ಕಡತವನ್ನು ಪೂರ್ತಿ ಬಿಚ್ಚಿ ಒಂದು ಫೋಲ್ಡರಿನಲ್ಲಿಡಿ, ಸೆಟಪ್ ಕಡತದ ಮೇಲೆ ಬಲ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ನಡೆಸಿ. ಅದು ಈ ವಿಂಡೋಸಿಗೆ ಹೊಂದುವುದಿಲ್ಲವೆಂದು ನಿಂತರೆ ಪ್ರಾಪರ್ಟೀಸ್ ಒಳಗಿನ ಕಂಪ್ಯಾಟಿಬಿಲಿಟಿ ಭಾಗದಲ್ಲಿ ವಿಂಡೋಸ್ 7 ಎಂದು ಆರಿಸಿ ಮತ್ತೊಮ್ಮೆ ನಡೆಸಿ. ಈ ಉಪಾಯ ಸೆಟಪ್ ಕಾರ್ಯಕ್ರಮವನ್ನು ಮಾತ್ರ ಒಪ್ಪಿಸಬಲ್ಲದು, ಒಳಗಿನ ಡ್ರೈವರ್ ಸರಿಯಿಲ್ಲದಿದ್ದರೆ ಅದನ್ನು ಸರಿಮಾಡದು. ಕೇಳಿದಾಗ ಕೀಬೋರ್ಡನ್ನು ಜೋಡಿಸಿ, ಕೊನೆಗೆ ಗಣಕವನ್ನು ರೀಸ್ಟಾರ್ಟ್ ಮಾಡಿ.

ಇನ್ನು ಮುಂದೆ ಯಾವಾಗಲೂ ಅದೇ ಯುಎಸ್‌ಬಿ ಪೋರ್ಟಿಗೇ ಹಾಕುವ ರೂಢಿ ಮಾಡಿಕೊಳ್ಳಿ. ಸ್ವಂತ ಸೀರಿಯಲ್ ಸಂಖ್ಯೆ ಇಲ್ಲದ ಉಪಕರಣವನ್ನು ಬೇರೆ ಪೋರ್ಟಿಗೆ ಹಾಕಿದರೆ ವಿಂಡೋಸ್ ಅದನ್ನು ಹೊಸ ಉಪಕರಣವೆಂದು ಎಣಿಸಿ ಹೆಸರಿನ ಹಿಂದೆ 2 ಎಂಬ ಅಂಕಿ ಸೇರಿಸುತ್ತದೆ, ರೆಕಾರ್ಡಿಂಗ್ ಸಾಫ್ಟ್‌ವೇರ್ ಮಾತ್ರ ಹಳೆಯ ಹೆಸರನ್ನೇ ಹುಡುಕುತ್ತ ಕೂರುತ್ತದೆ. ನಾನು ಪೋರ್ಟಿನ ಪಕ್ಕ ಉಗುರಿನ ಬಣ್ಣದಿಂದ ಒಂದು ಚುಕ್ಕೆ ಇಟ್ಟಿದ್ದೇನೆ.

ಸಹಿಯ ತಡೆಗೋಡೆ

ಕೋಡ್ 52 ಬಂದವರು ಈ ಭಾಗವನ್ನು ನಿಧಾನವಾಗಿ ಓದಬೇಕು. 64 ಬಿಟ್ ವಿಂಡೋಸ್ ವಿಸ್ಟಾದ ಕಾಲದಿಂದಲೂ ಡಿಜಿಟಲ್ ಸಹಿ ಇಲ್ಲದ ಡ್ರೈವರನ್ನು ಒಳಗೆ ಬಿಡುವುದಿಲ್ಲ. 2016ರಲ್ಲಿ ಬಂದ ವಿಂಡೋಸ್ 10ರ 1607 ಆವೃತ್ತಿಯಿಂದ ಹೊಸ ಡ್ರೈವರುಗಳಿಗೆ ಮೈಕ್ರೋಸಾಫ್ಟಿನ ಸಹಿಯೇ ಬೇಕೆಂಬ ನಿಯಮ ಬಂತು. 2015ರ ಜುಲೈ 29ಕ್ಕಿಂತ ಮುಂಚೆ ಪಡೆದ ಪ್ರಮಾಣಪತ್ರದಿಂದ ಸಹಿಯಾದ ಹಳೆಯವುಗಳಿಗೆ ಆಗ ರಿಯಾಯಿತಿ ಇಟ್ಟರು. ವಿಂಡೋಸ್ 7ರ ಕಾಲದ ಎಷ್ಟೋ ಡ್ರೈವರುಗಳು ವಿಂಡೋಸ್ 10ರಲ್ಲಿಯೂ ನಡೆದದ್ದು ಈ ರಿಯಾಯಿತಿಯಿಂದ.

ತಡೆಯನ್ನು ತಾತ್ಕಾಲಿಕವಾಗಿ ಸರಿಸುವ ದಾರಿ ಇದೆ. ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದು ರೀಸ್ಟಾರ್ಟ್ ಕೊಟ್ಟರೆ ನೀಲಿ ಪರದೆ ಬರುತ್ತದೆ. ಅದರಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಎಂದು ಸಾಗಿ ಮತ್ತೆ ರೀಸ್ಟಾರ್ಟ್ ಮಾಡಿ, ಬಂದ ಪಟ್ಟಿಯಲ್ಲಿ 7 ಒತ್ತಿದರೆ ಮುಂದಿನ ರೀಸ್ಟಾರ್ಟಿನವರೆಗೆ ಸಹಿಯ ತಪಾಸಣೆ ನಿಲ್ಲುತ್ತದೆ. ಲ್ಯಾಪ್‌ಟಾಪಿನಲ್ಲಿ ಬಿಟ್‌ಲಾಕರ್ ಎಂಬ ಡಿಸ್ಕಿನ ಬೀಗ ಇದ್ದರೆ ಅದರ ರಿಕವರಿ ಕೀಯನ್ನು ಮೊದಲೇ ಬರೆದಿಟ್ಟುಕೊಳ್ಳಿ, ಇಲ್ಲವಾದರೆ ಕೀಬೋರ್ಡಿನ ಆಸೆಗೆ ಹೋಗಿ ಲ್ಯಾಪ್‌ಟಾಪಿಗೇ ಬೀಗ ಬಿದ್ದೀತು. ಹೀಗೆ ಹಾಕಿದ ಡ್ರೈವರ್ ಮುಂದಿನ ಸಲ ಗಣಕ ಶುರುವಾದಾಗಲೂ ಉಳಿಯುತ್ತದೆಂಬ ಭರವಸೆ ಇಲ್ಲ. ಡ್ರೈವರಿನ ಮುಖ್ಯ ಕಡತಕ್ಕೆ ಸಹಿ ಇದ್ದು, ಜೊತೆಗಿನ ಮಾಹಿತಿ ಕಡತಕ್ಕೆ ಮಾತ್ರ ವಿಂಡೋಸಿನ ಹೊಸ ಹೆಸರು ಗೊತ್ತಿಲ್ಲದಿದ್ದಾಗ ಅದು ಉಳಿಯಬಲ್ಲದು. ಸಹಿಯೇ ಇಲ್ಲದಿದ್ದರೆ ಮರುದಿನ ಮತ್ತೆ ಕೋಡ್ 52.

ವಿಂಡೋಸ್ 11ರಲ್ಲಿ ಇದರ ಮೇಲೆ ಇನ್ನೊಂದು ಗೋಡೆ ಇದೆ. ಕೋರ್ ಐಸೊಲೇಶನ್ ಎಂಬಲ್ಲಿನ ಮೆಮೊರಿ ಇಂಟೆಗ್ರಿಟಿ ಎಂಬ ರಕ್ಷಣೆ ಆನ್ ಇದ್ದರೆ ಸಹಿ ಇರುವ ಕೆಲವು ಹಳೆಯ ಡ್ರೈವರುಗಳೂ ನಿಲ್ಲುತ್ತವೆ. ಅದನ್ನು ಆಫ್ ಮಾಡಿದರೆ ಕೀಬೋರ್ಡು ನಡೆಯಬಹುದು. ನನ್ನ ಅಭಿಪ್ರಾಯ ಕೇಳಿದರೆ, ಫೋನ್‌ಪೇ ಲೆಕ್ಕ, ಬ್ಯಾಂಕಿನ ಕೆಲಸ, ಮಕ್ಕಳ ಓದು ಎಲ್ಲವೂ ಅದೇ ಗಣಕದಲ್ಲಿ ನಡೆಯುತ್ತಿದ್ದರೆ ಒಂದು ಹಳೆಯ ಕೀಬೋರ್ಡಿಗಾಗಿ ಆ ರಕ್ಷಣೆಯನ್ನು ತೆಗೆಯುವುದು ತಕ್ಕುದಲ್ಲ. ಅಂಥವರಿಗೆ ಕೊನೆಯಲ್ಲಿ ಹೇಳುವ ಐದು ಪಿನ್ನಿನ ದಾರಿಯೇ ಮೇಲು.

ಹತ್ತು ಮನೆಗಳ ವಠಾರ

ಡ್ರೈವರ್ ಸರಿಯಾಗಿ ಕುಳಿತಿದೆ, ಹಳದಿ ಗುರುತಿಲ್ಲ, ಆದರೂ ಸಾಫ್ಟ್‌ವೇರಿನಲ್ಲಿ ಕೀಬೋರ್ಡಿನ ಹೆಸರೇ ಬರುತ್ತಿಲ್ಲ ಎಂಬ ವಿಚಿತ್ರ ತೊಂದರೆ ಹಳೆಯ ಗಣಕಗಳಲ್ಲಿ ಕಂಡುಬರುತ್ತದೆ. ವಿಂಡೋಸಿನ ಹಳೆಯ ಮಿಡಿ ವ್ಯವಸ್ಥೆಯು ಡ್ರೈವರುಗಳನ್ನು ರಿಜಿಸ್ಟ್ರಿ ಎಂಬ ತನ್ನ ಸೆಟ್ಟಿಂಗುಗಳ ದಾಖಲೆಯಲ್ಲಿ ಮಿಡಿ, ಮಿಡಿ1 ಎಂದು ಆರಂಭಿಸಿ ಮಿಡಿ9ರವರೆಗೆ ಹತ್ತು ಮನೆಗಳಲ್ಲಿ ಮಾತ್ರ ಕೂರಿಸುತ್ತದೆ. ನೀವು ವರ್ಷಗಳಿಂದ ಬೇರೆ ಬೇರೆ ಪೋರ್ಟಿಗೆ ಬೇರೆ ಬೇರೆ ಉಪಕರಣ ಚುಚ್ಚುತ್ತ ಬಂದಿದ್ದರೆ, ಊರು ಬಿಟ್ಟು ಹೋದವರ ಹೆಸರಿನಲ್ಲೇ ಮನೆಗಳು ಭರ್ತಿಯಾಗಿ ಹೊಸಬರಿಗೆ ಜಾಗವಿಲ್ಲದಂತಾಗುತ್ತದೆ. ಕಾರ್ಗ್ ಕಂಪನಿಯ ಯುಎಸ್‌ಬಿ ಮಿಡಿ ಡ್ರೈವರ್ ಬಳಸುವವರಿಗೆ ಈ ತೊಂದರೆ ಚೆನ್ನಾಗಿ ಪರಿಚಯ, ಬಳಕೆಯಲ್ಲಿಲ್ಲದ ಉಪಕರಣಗಳನ್ನು ತೆಗೆಯುವ ಚಿಕ್ಕ ಸಾಧನವೊಂದನ್ನು ಕಂಪನಿಯೇ ಡ್ರೈವರಿನ ಜೊತೆ ಕೊಡುತ್ತದೆ.

ಉಳಿದವರು ಡಿವೈಸ್ ಮ್ಯಾನೇಜರಿನ ವ್ಯೂ ಮೆನುವಿನಲ್ಲಿ ಶೋ ಹಿಡನ್ ಡಿವೈಸಸ್ ಒತ್ತಿ ನೋಡಿ. ಮಸುಕಾಗಿ ಕಾಣುವ ಹೆಸರುಗಳು ಈಗ ಜೋಡಿಸಿಲ್ಲದ ಉಪಕರಣಗಳವು. ಅವುಗಳಲ್ಲಿ ನಿಮ್ಮ ಹಳೆಯ ಮಿಡಿ ಉಪಕರಣಗಳನ್ನು ಮಾತ್ರ ಗುರುತಿಸಿ ಅನ್‌ಇನ್‌ಸ್ಟಾಲ್ ಮಾಡಿ, ಪರಿಚಯವಿಲ್ಲದ ಹೆಸರಿಗೆ ಕೈಹಚ್ಚಬೇಡಿ. ಬಳಿಕ ರೀಸ್ಟಾರ್ಟ್ ಮಾಡಿದರೆ ಜಾಗ ತೆರವಾಗಿರುತ್ತದೆ.

ಸುದ್ದಿ ಬರುತ್ತಿದೆಯೇ ಎಂದು ಪರೀಕ್ಷಿಸುವುದು

ರೆಕಾರ್ಡಿಂಗ್ ಸಾಫ್ಟ್‌ವೇರ್ ತೆರೆಯುವ ಮುನ್ನ ಮಿಡಿ-ಆಕ್ಸ್ ಎಂಬ ಉಚಿತ ಕಾರ್ಯಕ್ರಮದಲ್ಲಿ ಪರೀಕ್ಷಿಸಿಕೊಂಡರೆ ದೋಷ ಎಲ್ಲಿದೆ ಎಂಬುದು ಖಚಿತವಾಗುತ್ತದೆ. ಅದರಲ್ಲಿ ನಿಮ್ಮ ಕೀಬೋರ್ಡನ್ನು ಇನ್‌ಪುಟ್ ಆಗಿ ಆರಿಸಿ ಒಂದು ಮನೆ ಒತ್ತಿದರೆ ಸ್ವರದ ಅಂಕಿ ಮತ್ತು ಒತ್ತಿದ ರಭಸದ ಅಂಕಿ ಪರದೆಯ ಮೇಲೆ ಬರಬೇಕು. ಅನೇಕ ಕೀಬೋರ್ಡುಗಳು ಆಕ್ಟಿವ್ ಸೆನ್ಸಿಂಗ್ ಎಂಬ ಸಂದೇಶವನ್ನು, ಅಂದರೆ ನಾನಿನ್ನೂ ಇದ್ದೇನೆ ಎಂಬ ಸುದ್ದಿಯನ್ನು, ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ತಾವಾಗಿಯೇ ಕಳಿಸುತ್ತಿರುತ್ತವೆ. ಕಾರ್ಯಕ್ರಮದ ಸೋಸುಗದಲ್ಲಿ (ಫಿಲ್ಟರ್) ಅದನ್ನು ತಡೆಹಿಡಿಯದಿದ್ದರೆ ಯಾವ ಮನೆಯನ್ನೂ ಒತ್ತದೆ ಸಂಪರ್ಕ ಜೀವಂತವಾಗಿದೆಯೆಂದು ತಿಳಿಯಬಹುದು. ಆಕ್ಟಿವ್ ಸೆನ್ಸಿಂಗ್ ಬರುತ್ತಿದ್ದು ಸ್ವರ ಬಾರದಿದ್ದರೆ ಡ್ರೈವರನ್ನು ದೂರಬೇಡಿ, ಕೀಬೋರ್ಡಿನ ಮನೆಗಳ ಕೆಳಗಿನ ರಬ್ಬರು ಸಂಪರ್ಕಗಳು ಸವೆದಿರಬಹುದು.

ಪರೀಕ್ಷೆ ಮುಗಿದ ಕೂಡಲೇ ಮಿಡಿ-ಆಕ್ಸನ್ನು ಮುಚ್ಚಿ. ವಿಂಡೋಸಿನ ಸಾಮಾನ್ಯ ಡ್ರೈವರ್ ಒಂದು ಮಿಡಿ ಪೋರ್ಟನ್ನು ಒಂದೇ ಸಮಯದಲ್ಲಿ ಒಂದೇ ಕಾರ್ಯಕ್ರಮಕ್ಕೆ ಕೊಡುವುದು ಬಹುಕಾಲದ ರೂಢಿ. ಹಿಂದೆ ತೆರೆದಿಟ್ಟ ಕಾರ್ಯಕ್ರಮ ಅದನ್ನು ಹಿಡಿದುಕೊಂಡಿದ್ದರೆ ರೆಕಾರ್ಡಿಂಗ್ ಸಾಫ್ಟ್‌ವೇರ್ ಬರಿಗೈಯಲ್ಲಿ ನಿಲ್ಲುತ್ತದೆ.

ಈಗ ರೀಪರ್, ಕ್ಯೂಬೇಸ್, ಎಫ್‌ಎಲ್ ಸ್ಟುಡಿಯೋ ಯಾವುದನ್ನು ಬಳಸುತ್ತೀರೋ ಅದರ ಮಿಡಿ ಸೆಟ್ಟಿಂಗಿನಲ್ಲಿ ಕೀಬೋರ್ಡಿನ ಇನ್‌ಪುಟ್ಟನ್ನು ಎನೇಬಲ್ ಮಾಡಬೇಕು. ಹೆಸರು ಕಂಡ ಮಾತ್ರಕ್ಕೆ ಅದು ಚಾಲೂ ಆಗಿದೆ ಎಂದಲ್ಲ. ಹೊಸ ಟ್ರ್ಯಾಕಿನಲ್ಲಿ ಒಂದು ವಾದ್ಯದ ಪ್ಲಗಿನ್, ಅಂದರೆ ಗಣಕದೊಳಗೆ ನುಡಿಯುವ ವಾದ್ಯ, ಹಾಕಿ, ಇನ್‌ಪುಟ್ಟನ್ನು ಎಲ್ಲ ಚಾನೆಲ್ಲುಗಳಿಗೆ ತೆರೆದಿಟ್ಟು, ರೆಕಾರ್ಡ್ ಆರ್ಮ್ ಮತ್ತು ಮಾನಿಟರ್ ಒತ್ತಿ ನುಡಿಸಿ. ಧ್ವನಿ ಇರುವ ಕೀಬೋರ್ಡಾದರೆ ಒಂದೇ ಸ್ವರ ಎರಡೆರಡು ಸಲ ಕೇಳಿಸಬಹುದು, ಒಮ್ಮೆ ಕೀಬೋರ್ಡಿನಿಂದ, ಒಮ್ಮೆ ಗಣಕದಿಂದ. ಆಗ ಕೀಬೋರ್ಡಿನ ಮೆನುವಿನಲ್ಲಿ ಲೋಕಲ್ ಕಂಟ್ರೋಲ್ ಎಂಬುದನ್ನು ಆಫ್ ಮಾಡಿ. ಭಜನೆಯವರು ಹಾಡುಗಾರರ ಶ್ರುತಿಗೆ ತಕ್ಕಂತೆ, ಕಾಳಿ ಒಂದಕ್ಕೋ ಕಾಳಿ ನಾಲ್ಕಕ್ಕೋ, ಕೀಬೋರ್ಡಿನ ಟ್ರಾನ್ಸ್‌ಪೋಸ್ ಏರಿಸಿ ಇಟ್ಟು ಮರೆತಿರುತ್ತಾರೆ. ಅದರಿಂದ ಗಣಕದಲ್ಲಿ ದಾಖಲಾಗುವ ಸ್ವರವೂ ಸರಿದಿರಬಹುದು, ಅದನ್ನು ಡ್ರೈವರಿನ ದೋಷವೆಂದು ತಿಳಿಯದೆ ಟ್ರಾನ್ಸ್‌ಪೋಸ್ ಸೊನ್ನೆಗೆ ತಂದು ನೋಡಿ.

ಮನೆ ಒತ್ತಿದ ಮೇಲೆ ಧ್ವನಿ ತಡವಾಗಿ ಬರುತ್ತದೆ ಎಂಬ ದೂರಿಗೂ ಮಿಡಿ ಡ್ರೈವರಿಗೂ ಬಹುಮಟ್ಟಿಗೆ ಸಂಬಂಧವಿಲ್ಲ. ತಡ ಹುಟ್ಟುವುದು ಆಡಿಯೋ ಬಫರಿನಲ್ಲಿ, ಅಂದರೆ ಸ್ಯಾಂಪಲ್ ಎಂಬ ಧ್ವನಿಯ ತುಣುಕುಗಳನ್ನು ಕೂಡಿಟ್ಟು ಕಳಿಸುವ ಜಾಗದಲ್ಲಿ. 44,100 ಹರ್ಟ್ಸ್‌ನಲ್ಲಿ 1024 ಸ್ಯಾಂಪಲ್ ಇಟ್ಟರೆ ಸುಮಾರು 23 ಮಿಲಿಸೆಕೆಂಡ್, 256 ಇಟ್ಟರೆ 6ಕ್ಕಿಂತ ಕಡಿಮೆ. ನಿಮ್ಮ ಸೌಂಡ್ ಕಾರ್ಡಿನ ಎಎಸ್ಐಒ ಎಂಬ, ಧ್ವನಿಯನ್ನು ಬೇಗ ದಾಟಿಸುವ ಡ್ರೈವರನ್ನು, ಅದಿಲ್ಲದಿದ್ದರೆ ಎಎಸ್ಐಒ4ಆಲ್ ಎಂಬುದನ್ನು ಆರಿಸಿ ಬಫರ್ ಇಳಿಸಿ. ಎಎಸ್ಐಒ4ಆಲ್ ಹಾಕಿದರೆ ಕೀಬೋರ್ಡು ಕಾಣಿಸುತ್ತದೆಂದು ಅಂಗಡಿಯವರು ಹೇಳುವುದನ್ನು ಕೇಳಿದ್ದೇನೆ, ಅದು ತಪ್ಪು. ಅದು ಧ್ವನಿಗೆ ಸಂಬಂಧಿಸಿದ್ದು, ಮಿಡಿಗಲ್ಲ.

ಹತ್ತು ನಿಮಿಷ ಚೆನ್ನಾಗಿ ನಡೆದು ಮಾಯವಾಗುವ ಕೀಬೋರ್ಡಿಗೆ ಪವರ್ ಆಪ್ಷನ್ಸ್ ಒಳಗಿನ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿ.

ಮ್ಯಾಕ್ ಮತ್ತು ಲಿನಕ್ಸ್

ಮ್ಯಾಕ್ ಬಳಸುವವರು ನಮ್ಮಲ್ಲಿ ಕಡಿಮೆ. ಅವರು ಆಡಿಯೋ ಮಿಡಿ ಸೆಟಪ್ ತೆರೆದು ಮಿಡಿ ಸ್ಟುಡಿಯೋದಲ್ಲಿ ಕೀಬೋರ್ಡಿನ ಚಿತ್ರ ಬಂದಿದೆಯೇ ನೋಡಬೇಕು. 2019ರ ಕ್ಯಾಟಲಿನಾ 32 ಬಿಟ್ ತಂತ್ರಾಂಶಗಳನ್ನು ಪೂರ್ತಿ ಕೈಬಿಟ್ಟಿರುವುದರಿಂದ ಅದಕ್ಕಿಂತ ಹಿಂದಿನ ಬಹಳಷ್ಟು ಡ್ರೈವರುಗಳು ಅಲ್ಲಿ ನಡೆಯುವುದಿಲ್ಲ.

ಲಿನಕ್ಸ್ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಪಕ್ಷಪಾತಿ. ಅದರ ಆಲ್ಸಾ ಎಂಬ ಧ್ವನಿ ವ್ಯವಸ್ಥೆಯಲ್ಲಿ ರೋಲ್ಯಾಂಡ್, ಎಡಿರೋಲ್, ಯಮಾಹಾಗಳ ನಿಯಮಬಾಹಿರ ಹಳೆಯ ಮಾಡೆಲ್ಲುಗಳ ನಡವಳಿಕೆಯನ್ನೂ ಸ್ವಯಂಸೇವಕರು ಬರೆದು ಸೇರಿಸಿದ್ದಾರೆ. ಹೀಗಾಗಿ ವಿಂಡೋಸ್ ಕೈಬಿಟ್ಟ ಎಷ್ಟೋ ಕೀಬೋರ್ಡುಗಳು ಅಲ್ಲಿ ಚುಚ್ಚಿದೊಡನೆ ನಡೆಯುತ್ತವೆ. ಎಂ-ಆಡಿಯೋದ ಕೆಲವು ಮಿಡಿಸ್ಪೋರ್ಟ್ ಇಂಟರ್‌ಫೇಸುಗಳಿಗೆ ಫರ್ಮ್‌ವೇರ್ ಕಡತವನ್ನು ಬೇರೆಯಾಗಿ ಹಾಕಬೇಕು, ಅಷ್ಟೇ. ಇನ್‌ಸ್ಟಾಲ್ ಮಾಡಲು ಅಂಜುವವರು ಉಬುಂಟುವನ್ನು ಪೆನ್ ಡ್ರೈವಿಗೆ ಹಾಕಿ, ಗಣಕವನ್ನು ಅದರಿಂದ ಶುರುಮಾಡಿ, ಹಾರ್ಡ್ ಡಿಸ್ಕನ್ನು ಮುಟ್ಟದೆ ಪರೀಕ್ಷಿಸಬಹುದು. ಕೀಬೋರ್ಡು ಅಲ್ಲಿ ನಡೆದರೆ ಅದರ ಯಂತ್ರಾಂಶ ಆರೋಗ್ಯವಾಗಿದೆ ಎಂಬುದಾದರೂ ಸಿದ್ಧವಾಗುತ್ತದೆ.

ಡ್ರೈವರ್ ಸಿಗಲೇ ಇಲ್ಲವಾದರೆ

ಐದು ಪಿನ್ನಿನ ಮಿಡಿ ಔಟ್ ಇದ್ದವರು ಇಲ್ಲಿಗೆ ಬರುವವರೆಗೆ ಕಾಯಬೇಕಾಗಿರಲಿಲ್ಲ. ಮೈಕಿಗೆಂದು ಕೊಂಡ ಆಡಿಯೋ ಇಂಟರ್‌ಫೇಸಿನ ಹಿಂಬದಿಯಲ್ಲಿ ಮಿಡಿ ಇನ್ ಇದೆಯೇ ನೋಡಿ. ಇದ್ದರೆ ಒಂದು ಮಿಡಿ ಕೇಬಲ್ಲಿನಿಂದ ಕೀಬೋರ್ಡಿನ ಔಟನ್ನು ಅದರ ಇನ್‌ಗೆ ಜೋಡಿಸಿದರೆ ಕೀಬೋರ್ಡಿನ ಡ್ರೈವರಿನ ಕಥೆ ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ ಯುಎಸ್‌ಬಿ ಮಿಡಿ ಇಂಟರ್‌ಫೇಸ್ ಕೊಳ್ಳಬೇಕು. ಹೆಸರಿಲ್ಲದ ಅಗ್ಗದ ಕೇಬಲ್ಲುಗಳಲ್ಲಿ ಕೆಲವು ಸ್ವರಗಳನ್ನು ಚೆನ್ನಾಗಿಯೇ ಒಯ್ಯುತ್ತವೆ, ಆದರೆ ಸಿಸ್ಟಮ್ ಎಕ್ಸ್‌ಕ್ಲೂಸಿವ್ ಎಂಬ ಉದ್ದನೆಯ ಸಂದೇಶಗಳನ್ನು ಕೆಡಿಸುತ್ತವೆ. ಇನ್ನು ಕೆಲವುಗಳಲ್ಲಿ ಮಿಡಿ ನಿಯಮ ಕೇಳುವ ಆಪ್ಟೋ ಐಸೊಲೇಟರ್ ಎಂಬ ಬಿಡಿಭಾಗವನ್ನೇ ಹಾಕಿರುವುದಿಲ್ಲ. ಆ ಭಾಗ ಎರಡು ಯಂತ್ರಗಳ ನಡುವೆ ಬೆಳಕಿನಿಂದ ಮಾತ್ರ ಸುದ್ದಿ ದಾಟಿಸುವುದರಿಂದ ಅರ್ಥಿಂಗ್ ಸರಿಯಿಲ್ಲದ ನಮ್ಮ ಹಳೆಯ ಮನೆಗಳಲ್ಲಿ ಗುಂಯ್ ಎನ್ನುವ ಸದ್ದನ್ನು ತಡೆಯಲು ಅದು ಬೇಕೇ ಬೇಕು.

ಜೋಡಿಸುವಾಗ ಔಟ್ ಹೋಗಬೇಕಾದ್ದು ಇನ್‌ಗೆ ಎಂಬುದನ್ನು ನೆನಪಿಡಿ. ಕೆಲವು ಕೇಬಲ್ಲುಗಳ ಮೇಲೆ ಬರೆದ ಇನ್, ಔಟ್ ಎಂಬುದು ಆ ಪ್ಲಗ್ಗಿನ ಕೆಲಸವನ್ನು ಹೇಳುತ್ತದೆಯೋ ಅದು ಹೋಗಬೇಕಾದ ಸಾಕೆಟ್ಟನ್ನು ಹೇಳುತ್ತದೆಯೋ ಎಂಬ ಗೊಂದಲ ಸದಾ ಇರುತ್ತದೆ. ಒಂದು ರೀತಿ ನಡೆಯದಿದ್ದರೆ ಎರಡನ್ನೂ ಅದಲುಬದಲು ಮಾಡಿ, ಏನೂ ಸುಡುವುದಿಲ್ಲ. ಸುಡುವ ಸಾಧ್ಯತೆ ಇರುವುದು ಅಡಾಪ್ಟರಿನಲ್ಲಿ. ಯುಎಸ್‌ಬಿಯಿಂದ ಕರೆಂಟ್ ಪಡೆಯುತ್ತಿದ್ದ ಕೀಬೋರ್ಡಿಗೆ ಈಗ ಬೇರೆ ಅಡಾಪ್ಟರ್ ಬೇಕಾಗುತ್ತದೆ; ವೋಲ್ಟೇಜ್ ಸರಿಯಿದ್ದರೆ ಸಾಲದು, ನಡುಪಿನ್ ಧನವೋ ಋಣವೋ ಎಂಬ ಚಿಕ್ಕ ಚಿತ್ರವನ್ನು ಕೀಬೋರ್ಡಿನ ಮೇಲೂ ಅಡಾಪ್ಟರಿನ ಮೇಲೂ ಹೋಲಿಸಿ ನೋಡಿ, ಎರಡೂ ಒಂದೇ ಆಗಿದ್ದರೆ ಮಾತ್ರ ಚುಚ್ಚಿ.

ದುಂಡು ಸಾಕೆಟ್ಟೂ ಇಲ್ಲದ, ಡ್ರೈವರೂ ಸಿಗದ ಕೀಬೋರ್ಡಿಗೆ ಉಳಿದಿರುವುದು ಮೂಲೆಯಲ್ಲಿ ಬಿದ್ದಿರುವ ಹಳೆಯ ಗಣಕ. ವಿಂಡೋಸ್ 7 ಇರುವ ಅದರಲ್ಲಿ ಹಳೆಯ ಡ್ರೈವರ್ ಹಾಕಿ, ಎರಡೂ ಗಣಕಗಳಲ್ಲಿ ಆರ್‌ಟಿಪಿ ಮಿಡಿ ಎಂಬ ಉಚಿತ ಕಾರ್ಯಕ್ರಮ ಹಾಕಿ, ನಡುವೆ ಒಂದು ಲ್ಯಾನ್ ಕೇಬಲ್ ಎಳೆದರೆ ಕೀಬೋರ್ಡಿನ ಸುದ್ದಿ ಹಳೆಯದರಿಂದ ಹೊಸದಕ್ಕೆ ಹರಿಯುತ್ತದೆ. ವೈಫೈ ಬೇಡ, ತಾಳ ಜಾರುತ್ತದೆ. ವಿಂಡೋಸ್ 7ಕ್ಕೆ ಭದ್ರತಾ ಅಪ್‌ಡೇಟುಗಳು 2020ರ ಜನವರಿ 14ಕ್ಕೆ ನಿಂತಿರುವುದರಿಂದ ಆ ಗಣಕಕ್ಕೆ ಇಂಟರ್ನೆಟ್ ಕೊಡಬೇಡಿ.

ಕೆಲಸ ಮುಗಿದ ಮೇಲೆ ಡ್ರೈವರಿನ ಜಿಪ್ ಕಡತವನ್ನು ಎರಡು ಪೆನ್ ಡ್ರೈವುಗಳಲ್ಲಿ ಉಳಿಸಿ, ಒಂದು ಚೀಟಿಯಲ್ಲಿ ಮಾಡೆಲ್, ವಿಐಡಿ, ಪಿಐಡಿ, ಡ್ರೈವರಿನ ಆವೃತ್ತಿ, ಯಾವ ವಿಂಡೋಸಿನಲ್ಲಿ ನಡೆಯಿತು ಎಂಬುದನ್ನು ಬರೆದು ಕೀಬೋರ್ಡಿನ ಅಡಿಗೆ ಪಾರದರ್ಶಕ ಟೇಪಿನಿಂದ ಅಂಟಿಸಿ. ಬರೆಯಲು ಬಾಲ್ ಪೆನ್ ಒಳ್ಳೆಯದು, ಜಾತ್ರೆಯ ರಾತ್ರಿ ಯಾರದೋ ಚಹಾ ಚೆಲ್ಲಿದರೂ ಅದು ಅಳಿಸುವುದಿಲ್ಲ.